ಬೊಳ್ಳಿಯ ಬಿಳಿಕಣಗಳು

ಒಂದೇ ಹಸುವಿನ ರಕ್ತವನ್ನು ಒಂದೇ ವಾರದಲ್ಲಿ ಮೂರು ಸಲ ಎಣಿಸಿದೆ. ಶ್ರದ್ಧೆಯಿಂದಲ್ಲ, ನನ್ನ ಎಣಿಕೆಯ ಮೇಲೆ ನನಗೇ ನಂಬಿಕೆ ಬಾರದ್ದರಿಂದ. ಮೂರು ಸಲವೂ ಬಿಳಿ ರಕ್ತಕಣಗಳು ಇರಬೇಕಾದುದಕ್ಕಿಂತ ಎಷ್ಟೋ ಹೆಚ್ಚು ಇದ್ದವು. ಅದರಲ್ಲೂ ಲಿಂಫೋಸೈಟ್ ಎಂಬ ದುಂಡಗಿನ ಬಿಳಿಕಣಗಳು ಸೂಕ್ಷ್ಮದರ್ಶಕದ ಕೆಳಗೆ ಎಲ್ಲಿ ನೋಡಿದರೂ ಗುಂಪು ಕಟ್ಟಿಕೊಂಡು ಕೂತಿದ್ದವು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಮಂಗಳೂರಿನಲ್ಲಿ ಜಾನುವಾರುಗಳ ರೋಗ ಪತ್ತೆಮಾಡುವ ಒಂದು ಪುಟ್ಟ ಪ್ರಯೋಗಾಲಯದಲ್ಲಿ ನಾನು ಪಶುವೈದ್ಯನಾಗಿದ್ದೆ. ಎರಡು ಕೋಣೆ, ಒಂದು ಸೂಕ್ಷ್ಮದರ್ಶಕ, ಕರೆಂಟು ಇದ್ದಾಗ ಮಾತ್ರ ತಣ್ಣಗಾಗುವ ಒಂದು ಫ್ರಿಜ್ಜು, ನನಗಿಂತ ಹತ್ತು ವರ್ಷ ಹಿರಿಯರಾದ ಒಬ್ಬ ಕಾಂಪೌಂಡರು. ಇಷ್ಟೇ ನಮ್ಮ ಸಂಸಾರ. ಜಂತುಹುಳಕ್ಕೆ ಸೆಗಣಿ ನೋಡುವುದು, ಜ್ವರದ ದನಗಳ ರಕ್ತ ನೋಡುವುದು ದಿನನಿತ್ಯದ ಕೆಲಸ.

ಹಸುವಿನ ಹೆಸರು ಬೊಳ್ಳಿ. ವಾಮಂಜೂರಿನ ಗದ್ದೆಬದಿಯ ಒಂದು ಮನೆಯ ಮಿಶ್ರತಳಿ ಹಸು. ಮನೆಯೊಡತಿಯ ಗಂಡ ಬೊಂಬಾಯಿಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದರು, ವರ್ಷಕ್ಕೊಮ್ಮೆ ಬರುತ್ತಿದ್ದರು. ಊರಿಗೆಲ್ಲ ಅಕ್ಕನಾಗಿದ್ದ ಆಕೆ ಅತ್ತೆಯನ್ನೂ ಗದ್ದೆಯನ್ನೂ ಹಟ್ಟಿಯನ್ನೂ ನೋಡಿಕೊಂಡು, ದಿನಕ್ಕೆರಡು ಹೊತ್ತು ಹಾಲಿನ ಸೊಸೈಟಿಗೆ ನಡೆಯುತ್ತಿದ್ದರು. ಹಟ್ಟಿಯಲ್ಲಿ ಇದ್ದದ್ದು ಎರಡೇ ಜೀವ, ಬೊಳ್ಳಿ ಮತ್ತು ಅದರ ಮಗಳು, ಚೊಚ್ಚಲ ಗಬ್ಬದ ಕಡಸು.

ಬೊಳ್ಳಿ ಮೂರು ತಿಂಗಳಿಂದ ಸೊರಗುತ್ತಿತ್ತು. ಜ್ವರ ಇಲ್ಲ, ಕೆಚ್ಚಲು ಸರಿ ಇದೆ, ಹಾಲು ಮಾತ್ರ ಅರ್ಧಕ್ಕಿಳಿದಿದೆ. ಭುಜದ ಮುಂದೆ ಚರ್ಮದ ಕೆಳಗಿನ ಗಂಟುಗಳು ಮಾವಿನಕಾಯಿಯಷ್ಟು ಊದಿದ್ದವು. ನಾವು ವೈದ್ಯರು ಲಿಂಫ್ ಗಂಟು ಎನ್ನುವುದು ಅವಕ್ಕೇ. ಬಿಳಿಕಣಗಳು ಬೀಡುಬಿಡುವ ಜಾಗ ಅದು. ಸೆಗಣಿ ನೋಡಿದೆ, ಕ್ಷಯದ ಪರೀಕ್ಷೆ ಮಾಡಿದೆ. ಉಣ್ಣಿಯಿಂದ ಬರುವ ರೋಗವಿರಬಹುದೆಂದು ಗಂಟಿಗೆ ಸೂಜಿ ಚುಚ್ಚಿ ರಸ ತೆಗೆದು ಬಣ್ಣ ಹಾಕಿ ನೋಡಿದೆ. ಯಾವುದೂ ಇಲ್ಲ.

ಉಳಿದದ್ದು ಲ್ಯುಕೋಸಿಸ್, ಅಂದರೆ ಒಂದು ವೈರಸ್ಸಿನಿಂದ ಬಿಳಿಕಣಗಳು ಮಿತಿ ಮೀರಿ ಬೆಳೆದು ಗಡ್ಡೆಯಾಗುವ ರೋಗ. ಅದು ಹಳೆಯ, ಪರಿಚಿತ ಕಾಯಿಲೆ. ಅಲ್ಲಿಗೇ ನಿಂತಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ಆ ತಿಂಗಳು ಗೆಳೆಯನೊಬ್ಬ ಕಳಿಸಿದ ಪರದೇಶದ ಪತ್ರಿಕೆಯೊಂದು ನನ್ನ ಮೇಜಿನ ಮೇಲಿತ್ತು. ಅಮೆರಿಕದ ಒಂದು ಹಸುವಿನಲ್ಲಿ ವರ್ಷಗಳ ಹಿಂದೆ ಸಿಕ್ಕಿದ್ದ ಒಂದು ವೈರಸ್ಸು ಈಗ ಮತ್ತೆ ಸುದ್ದಿಯಲ್ಲಿತ್ತು. ಸೊರಗಿದ ಹಸು, ಊದಿದ ಗಂಟು, ಹೆಚ್ಚಿದ ಲಿಂಫೋಸೈಟ್. ಅದು ರಕ್ತದ ಬಿಳಿಕಣಗಳಲ್ಲಿ ಸೇರಿಕೊಳ್ಳುತ್ತದೆ, ಗಂಟು ಮತ್ತು ಗುಲ್ಮದಲ್ಲಿ ಇರುತ್ತದೆ. ಲ್ಯುಕೋಸಿಸ್ಸಿನ ವೈರಸ್ಸು ಹೆಚ್ಚಾಗಿ ಲಿಂಫೋಸೈಟನ್ನೇ ಹಿಡಿದು ಕೂತರೆ, ಇದು ಕಸ ಗುಡಿಸುವ ಕೆಲಸದ ದೊಡ್ಡ ಬಿಳಿಕಣಗಳನ್ನೂ ಹೊಗುತ್ತದೆ, ಅವುಗಳ ಜೊತೆಗೆ ಮೆದುಳಿನವರೆಗೂ ಹೋಗುತ್ತದೆ ಎಂಬ ಅನುಮಾನವಿತ್ತು. ಮನುಷ್ಯರ ಏಡ್ಸ್ ವೈರಸ್ಸು ಮತ್ತು ಇದು ಒಂದೇ ಕುಟುಂಬದವು ಎಂದೂ ಬರೆದಿತ್ತು. ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ವಾಮಂಜೂರಿನ ಹಟ್ಟಿಯಲ್ಲಿ ಅಂಥದ್ದೇನಾದರೂ ಸಿಕ್ಕಿದರೆ ನನ್ನ ಹೆಸರು ಎಲ್ಲಿಗೆಲ್ಲ ಹೋಗಬಹುದು ಎಂದು ಲೆಕ್ಕ ಹಾಕಿದವನೂ ನಾನೇ. ಅದನ್ನು ಈಗ ಮುಚ್ಚಿಡುವುದಿಲ್ಲ.

ಮರುದಿನ ವಾಮಂಜೂರಿಗೆ ಹೋದವನು ಸೊಸೈಟಿಯಲ್ಲಿ ಚಹಾ ಕುಡಿಯಲು ಕೂತೆ. ಸೊಸೈಟಿಯ ಕಾರ್ಯದರ್ಶಿ ಹಾಲಿನ ಮಾಪಕವನ್ನು ತೊಳೆಯುತ್ತ ಕೇಳಿದರು.

“ಎಂತ ಡಾಕ್ಟ್ರೇ, ಆ ಅಕ್ಕನ ದನಕ್ಕೆ ಎಂತ ಆದದ್ದು ಮಾರಾಯ್ರೇ? ಎಲುಬು ಮಾತ್ರ ಕಾಣ್ತದೆ.”

ಸುಮ್ಮನೆ “ನೋಡ್ತಾ ಇದ್ದೇನೆ” ಎನ್ನಬಹುದಿತ್ತು. ನನ್ನ ಬಾಯಿ ಕೇಳಬೇಕಲ್ಲ!

“ಒಂದು ಹೊಸ ವೈರಸ್ ಉಂಟು. ಮನುಷ್ಯರ ಏಡ್ಸಿಗೂ ಅದಕ್ಕೂ ಸಂಬಂಧ ಉಂಟು. ಅದಾ ಅಂತ ನೋಡ್ಬೇಕು.”

ಕಾರ್ಯದರ್ಶಿಯ ಕೈಯಲ್ಲಿ ಮಾಪಕ ಹಾಗೇ ನಿಂತಿತು. ನಾನು ಚಹಾ ಮುಗಿಸಿ ಎದ್ದೆ. ‘ಸಂಬಂಧ’ ಎಂದರೆ ನನ್ನ ಮನಸ್ಸಿನಲ್ಲಿ ಇದ್ದದ್ದು ಪುಸ್ತಕದ ವಂಶವೃಕ್ಷ. ಕೇಳಿದವರಿಗೆ ಕೇಳಿಸಿದ್ದು ಬೇರೆ.

ಮಾದರಿ ತೆಗೆಯುವ ಕೆಲಸವನ್ನು ಆ ವಾರವೇ ಮಾಡಿದೆವು. ಕುತ್ತಿಗೆಯ ರಕ್ತನಾಳದಿಂದ ರಕ್ತ ತೆಗೆದು, ಹೆಪ್ಪುಗಟ್ಟದ ಹಾಗೆ ಔಷಧಿ ಹಾಕಿದ ನಳಿಗೆಗಳಲ್ಲಿ ತುಂಬಿದೆ. ಅಂಥ ನಳಿಗೆಯನ್ನು ಯಂತ್ರದಲ್ಲಿ ತಿರುಗಿಸಿದರೆ ಕೆಂಪು ಕೆಳಗಿಳಿಯುತ್ತದೆ, ತಿಳಿಹಳದಿ ನೀರು ಮೇಲೆ ನಿಲ್ಲುತ್ತದೆ. ಎರಡರ ನಡುವೆ ತೆಳ್ಳಗೆ ಹಾಲಿನ ಕೆನೆಯ ಹಾಗೆ ಒಂದು ಪದರ ಕಾಣುತ್ತದೆ. ಬಿಳಿಕಣಗಳೆಲ್ಲ ಇರುವುದು ಆ ಕೆನೆಯಲ್ಲಿ. ವೈರಸ್ಸು ಇದ್ದರೆ ಅಲ್ಲೇ ಇರಬೇಕು. ಬೊಳ್ಳಿಯ ಆ ಪದರ ಅಷ್ಟು ದಪ್ಪಗಿತ್ತು, ಕಾಂಪೌಂಡರು ನೋಡಿ “ಅಯ್ಯೋ, ಇದು ಮೊಸರು ಕಡೆಯುವಷ್ಟು ಉಂಟಲ್ಲ” ಎಂದರು. ಆಮೇಲೆ ಭುಜದ ಗಂಟಿನ ಸುತ್ತ ಮರಗಟ್ಟುವ ಸೂಜಿ ಕೊಟ್ಟು, ಒಂದು ತುಂಡು ಕೊಯ್ದು, ಹೊಲಿಗೆ ಹಾಕಿದೆ. ಅಕ್ಕ ಬೊಳ್ಳಿಯ ಮೂಗುದಾರ ಹಿಡಿದುಕೊಂಡು ತುಳುವಿನಲ್ಲಿ ಏನೋ ಹೇಳುತ್ತಲೇ ಇದ್ದರು. ಹಸು ಒಮ್ಮೆಯೂ ಒದೆಯಲಿಲ್ಲ.

ಮಾದರಿಗಳು ಹೋಗಬೇಕಾದದ್ದು ಬಹು ದೂರದ ದೊಡ್ಡ ಪ್ರಯೋಗಾಲಯಕ್ಕೆ, ರೈಲಿನಲ್ಲಿ ಎರಡು ದಿನ. ಏಪ್ರಿಲಿನ ಸೆಕೆ. ನಾನು ಕಾಂಪೌಂಡರಿಗೆ ಪೆಟ್ಟಿಗೆ ಒಪ್ಪಿಸಿ, “ತಣ್ಣಗೆ ಹೋಗ್ಬೇಕು, ದಾರಿಯಲ್ಲಿ ಐಸು ಕರಗ್ಬಾರ್ದು” ಎಂದೆ. ಅವರು ಬಂದರಿನವರು, ಮನೆಯಲ್ಲಿ ಭಾವನದು ಮೀನಿನ ವ್ಯಾಪಾರ. “ಅದೊಂದು ನನಗೆ ಬಿಡಿ ಡಾಕ್ಟ್ರೇ” ಎಂದು ನಗುತ್ತ ಹೋದರು.

ಮೂರು ವಾರಕ್ಕೆ ಉತ್ತರ ಬಂತು. ರಕ್ತ ಗಡ್ಡೆಕಟ್ಟಿ ಬಂದಿದೆ, ಬಿಳಿಕಣಗಳೆಲ್ಲ ಒಡೆದಿವೆ, ಗಂಟಿನ ತುಂಡು ಕಲ್ಲಾಗಿದೆ, ಪರೀಕ್ಷೆ ಸಾಧ್ಯವಿಲ್ಲ. ಜೀವಂತ ಕಣಗಳು ಬೇಕು, ಇನ್ನೊಮ್ಮೆ ಕಳಿಸಿ.

ಪತ್ರವನ್ನು ಕಾಂಪೌಂಡರ ಮುಂದೆ ಹಿಡಿದೆ. “ಎಂತ ಮಾಡಿದ್ರಿ ನೀವು?”

“ಐಸು ಹಾಕಿದೆ. ಮೇಲೆ ಉಪ್ಪು ಹಾಕಿದೆ.”

“ಉಪ್ಪಾ?”

“ಅಂದ್, ಹೌದು! ಬರಿ ಐಸು ಮದ್ರಾಸಿಗೆ ಮುಟ್ಟುವ ಮೊದಲು ನೀರಾಗ್ತದೆ. ಕಲ್ಲುಪ್ಪು ಬೆರೆಸಿದ್ರೆ ಚಳಿ ಹೆಚ್ಚಾಗ್ತದೆ. ನಮ್ಮ ಬಂಗುಡೆ ಮೀನು ಹೀಗೆ ಮೂರು ದಿನ ಹೋಗ್ತದೆ, ಕಣ್ಣು ಕೂಡ ಮಾಸುವುದಿಲ್ಲ.”

ನನಗೆ ನಖಶಿಖಾಂತ ಉರಿಯಿತು. “ಇದು ಬಂಗುಡೆ ಅಲ್ಲ ಮಾರಾಯ್ರೇ! ಜೀವ ಇರುವ ಕಣ, ಐಸಾಗಿ ಗಟ್ಟಿಯಾದ್ರೆ ಒಡೀತದೆ!” ಎಂದು ಕೂಗಾಡಿದೆ. ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಕೇಳಿದರು. ಕೊನೆಗೆ ಒಂದೇ ಮಾತು ಹೇಳಿದರು. “ಒಳಗೆ ಜೀವ ಉಂಟು ಅಂತ ನೀವು ನನಗೆ ಹೇಳ್ಲಿಲ್ಲ ಡಾಕ್ಟ್ರೇ. ತಣ್ಣಗೆ ಅಂದ್ರಿ. ನಾನು ತಣ್ಣಗೆ ಮಾಡಿದೆ.”

ಅದು ನಿಜ. ಆ ಕೆನೆಯ ಬಗ್ಗೆ ಅವರ ತಮಾಷೆ ಕೇಳಲು ಬಿಡುವಿತ್ತು, ಅದರಲ್ಲಿ ಏನಿದೆ, ಯಾಕೆ ಕಾಯಬೇಕು ಎಂದು ಹೇಳಲು ನನಗೆ ಬಿಡುವಿರಲಿಲ್ಲ. ಅವರ ಕ್ಷಮೆ ಕೇಳಲು ನನಗೆ ಎರಡು ದಿನ ಹಿಡಿಯಿತು.

ಅಷ್ಟರಲ್ಲಿ ಅಕ್ಕನೇ ಪ್ರಯೋಗಾಲಯಕ್ಕೆ ಬಂದರು. ಬಸ್ಸಿನಲ್ಲಿ ಪಂಪ್‌ವೆಲ್‌ವರೆಗೆ ಬಂದು, ಅಲ್ಲಿಂದ ಬಿಸಿಲಲ್ಲಿ ನಡೆದು ಬಂದಿದ್ದರು. ಕುರ್ಚಿ ತೋರಿಸಿದರೂ ಕೂರಲಿಲ್ಲ.

“ಸೊಸೈಟಿಯಲ್ಲಿ ನೀವು ಎಂತ ಹೇಳಿದ್ದು ಡಾಕ್ಟ್ರೇ?”

ನಾನು ಕುರ್ಚಿಯಿಂದ ಎದ್ದು ನಿಂತೆ.

“ಇಪ್ಪತ್ತು ದಿನ ಆಯ್ತು, ನನ್ನ ಹಾಲು ತಗೊಳ್ಳುವುದಿಲ್ಲ. ರಿಪೋರ್ಟು ಬರ್ಲಿ ಅಂತಾರೆ. ಎರಡು ಹೊತ್ತು ಕರೆದದ್ದನ್ನು ತೆಂಗಿನ ಬುಡಕ್ಕೆ ಹೊಯ್ತೇನೆ. ಅದೂ ಹೋಗ್ಲಿ. ಅಂಗಡಿಯಲ್ಲಿ ಎಂತ ಹೇಳ್ತಾರೆ ಗೊತ್ತುಂಟಾ? ಗಂಡ ಬೊಂಬಾಯಿಯಲ್ಲಿ, ಇಲ್ಲಿ ದನಕ್ಕೆ ಏಡ್ಸು, ಆ ಮನೆಗೂ ಏಡ್ಸಿಗೂ ಸಂಬಂಧ ಉಂಟು ಅಂತೆ. ಡಾಕ್ಟ್ರೇ ಹೇಳಿದ್ದಂತೆ. ಅತ್ತೆ ಹೊರಗೆ ಹೋಗುವುದು ಬಿಟ್ಟಿದ್ದಾರೆ. ಇವರು ಬೊಂಬಾಯಿಯಿಂದ ಬಂದಾಗ ನಾನು ಎಂತ ಹೇಳ್ಲಿ?”

ನಾನು ವಿವರಿಸಲು ಹೊರಟೆ. ವೈರಸ್ಸುಗಳಲ್ಲಿ ಕುಟುಂಬಗಳಿವೆ, ಒಂದು ಮನುಷ್ಯರ ಕಣಕ್ಕೆ, ಇನ್ನೊಂದು ದನದ ಕಣಕ್ಕೆ, ಇದರಿಂದ ಮನುಷ್ಯರಿಗೆ ರೋಗ ಬಂದದ್ದು ಎಲ್ಲೂ ಇಲ್ಲ, ಹಾಲನ್ನು ಕುದಿಸಿದರಂತೂ... ಆಕೆ ಕೈ ಎತ್ತಿ ತಡೆದರು.

“ಸಂಬಂಧ ಅಂದ್ರೆ ಒಂದೇ ಬರಿ ಅಂತ, ಅಲ್ವಾ?” ತುಳುವರಲ್ಲಿ ತಾಯಿಯ ಕಡೆಯಿಂದ ಬರುವ ವಂಶದ ಹೆಸರು ಬರಿ. “ನನ್ನ ಬರಿಯವರು ಸುರತ್ಕಲ್ಲಿನಲ್ಲೂ ಇದ್ದಾರೆ, ಉಡುಪಿಯಲ್ಲೂ ಇದ್ದಾರೆ. ಅವರ ಮುಖ ನಾನು ನೋಡ್ಲಿಲ್ಲ, ಅವರ ಅಡಿಗೆಕೋಣೆಗೆ ನಾನು ಹೋಗ್ಲಿಲ್ಲ. ಹಾಗೆ ಅಲ್ವಾ ನಿಮ್ಮ ವೈರಸು? ಇಷ್ಟು ಹೇಳ್ಲಿಕ್ಕೆ ನಿಮಗೆ ಆಗ್ಲಿಲ್ವಾ?”

ಏಳು ವರ್ಷ ಓದಿದ ನನಗೆ ಆಗಿರಲಿಲ್ಲ. ನಾಚಿಕೆಯಾಯಿತು. ಮಾದರಿ ಹಾಳಾದದ್ದನ್ನು ಹೇಳಿ, ಇನ್ನೊಮ್ಮೆ ರಕ್ತ ಮತ್ತು ಗಂಟಿನ ತುಂಡು ಬೇಕು ಎಂದು ಹೇಗೋ ಕೇಳಿದೆ. “ಇನ್ನು ಅದನ್ನು ಕೊಯ್ಲಿಕ್ಕೆ ಬಿಡುವುದಿಲ್ಲ” ಎಂದು ಆಕೆ ಹೋದರು.

ಮೇಲಧಿಕಾರಿಗಳನ್ನು ಕಂಡೆ. ಅವರು ಕಡತ ಮುಚ್ಚಿ ನನ್ನ ಕಡೆ ತಳ್ಳಿದರು. “ಹಸು ಹೇಗೂ ಸಾಯ್ತದೆ. ಕಾರಣ ತಿಳಿಯದ ಕೃಶತೆ ಅಂತ ಬರೆದು ಮುಗಿಸಿ. ಏಡ್ಸು ಗೀಡ್ಸು ಅಂತ ಪತ್ರಿಕೆಯವರು ಬಂದ್ರೆ ಉತ್ತರ ಕೊಡುವುದು ಯಾರು?” ಬೈದು ಹೇಳಿದ್ದಲ್ಲ, ನನ್ನನ್ನು ಉಳಿಸಲೆಂದೇ ಹೇಳಿದ್ದು. ಹಾಗೆ ಬರೆದಿದ್ದರೆ ನಾನು ಉಳಿಯುತ್ತಿದ್ದೆ. ಆದರೆ ಹಟ್ಟಿಯಲ್ಲಿ ಗಬ್ಬದ ಕಡಸು ಇತ್ತು. ತಾಯಿಯ ರೋಗಕ್ಕೆ ಹೆಸರು ಸಿಗದಿದ್ದರೆ ಮಗಳ ಹಾಲೂ ತೆಂಗಿನ ಬುಡಕ್ಕೇ ಹೋಗುತ್ತಿತ್ತು. ಕಡತವನ್ನು ತೆರೆದೇ ಇಟ್ಟೆ.

ಮರುದಿನ ಬೆಳಿಗ್ಗೆ ಹಾಲು ಹಾಕುವ ಹೊತ್ತಿಗೆ ಸೊಸೈಟಿಗೆ ಹೋಗಿ ಸಾಲಿನ ಮುಂದೆ ನಿಂತೆ. ನಾನು ಹೇಳಿದ್ದು ತಪ್ಪು, ನನಗೆ ಗೊತ್ತಿಲ್ಲದ್ದನ್ನು ಹೇಳಿದೆ, ಆ ಮನೆಯವರಿಗೂ ಆ ಕಾಯಿಲೆಗೂ ಯಾವ ಸಂಬಂಧವೂ ಇಲ್ಲ ಎಂದೆ. ಜನ ಕೇಳಿಸಿಕೊಂಡರು. ಕಾರ್ಯದರ್ಶಿ ಮೆತ್ತಗೆ, “ಆದ್ರೆ ದನಕ್ಕೆ ಎಂತ ಅಂತ ಹೇಳಿ ಡಾಕ್ಟ್ರೇ” ಎಂದರು. ಅವರೂ ಕೆಟ್ಟವರಲ್ಲ, ನೂರು ಮನೆಯ ಹಾಲು ಒಂದೇ ಕ್ಯಾನಿಗೆ ಬೀಳುತ್ತದೆ. ಇನ್ನೂ ಗೊತ್ತಾಗಿಲ್ಲ ಎಂದೆ. ಹಿಂದಿನಿಂದ ಯಾರೋ, “ಈಗ ಇಲ್ಲ ಅಂತ ಹೇಳ್ಲಿಕ್ಕೆ ಯಾರೋ ಹೇಳಿದ್ದಾಗಿರ್ಬೇಕು” ಎಂದು ಗೊಣಗಿದ್ದು ಕೇಳಿಸಿತು.

ಮಳೆ ಹಿಡಿಯಿತು. ಆಟಿ ತಿಂಗಳ, ಅಂದರೆ ಆಷಾಢದ, ಹೊತ್ತಿಗೆ ಬೊಳ್ಳಿಯ ಹಿಂಗಾಲು ತಡವರಿಸತೊಡಗಿತು. ಮೆದುಳಿಗೆ ಹೋಗುವ ವೈರಸ್ಸೇ ಇರಬಹುದೇ ಎಂದು ನನ್ನ ಅನುಮಾನ ಮತ್ತೆ ತಲೆಯೆತ್ತಿತು. ಬೆನ್ನುಹುರಿಯನ್ನು ಗಡ್ಡೆ ಒತ್ತಿದರೂ ಹಾಗೇ ಆಗುತ್ತದೆ. ಹೊರಗಿನಿಂದ ನೋಡಿ ಹೇಳುವಂತಿರಲಿಲ್ಲ. ನಾನು ಹೋದಾಗಲೆಲ್ಲ ಅಕ್ಕ ಹಟ್ಟಿಯ ಬಾಗಿಲು ತೆರೆದುಕೊಟ್ಟು ಗದ್ದೆಗೆ ಹೋಗುತ್ತಿದ್ದರು. ನೋವಿಗೆ ಸೂಜಿ ಕೊಟ್ಟು ಬರುತ್ತಿದ್ದೆ.

ಒಂದು ಬೆಳಿಗ್ಗೆ ಅವರೇ ಸೊಸೈಟಿಯ ಫೋನಿನಿಂದ ಕರೆ ಮಾಡಿಸಿದರು. ಬೊಳ್ಳಿ ಹೋಗಿತ್ತು. ನಾನೂ ಕಾಂಪೌಂಡರೂ ಸ್ಕೂಟರಿನಲ್ಲಿ ಹೋಗುವಷ್ಟರಲ್ಲಿ ಅದರ ಹಣೆ ತೊಳೆದು ಕುಂಕುಮ ಇಟ್ಟಿದ್ದರು. ತೆಂಗಿನ ತೋಟದಲ್ಲಿ ಗುಂಡಿ ತೆಗೆಯಲು ಜನ ಬಂದಿದ್ದರು. ಬಾಗಿಲಲ್ಲಿ ಅತ್ತೆ ಕೂತಿದ್ದರು.

“ನೀವು ನೋಡ್ಬೇಕಾದ್ದನ್ನು ನೋಡಿ” ಎಂದರು ಅಕ್ಕ. “ತಲೆ ಮಾತ್ರ ಮುಟ್ಟಬೇಡಿ. ದಿನಾ ನಾನು ಸವರಿದ ತಲೆ ಅದು.”

ತಲೆ ಬಿಟ್ಟರೆ ಮೆದುಳು ಇಲ್ಲ. ಮೆದುಳು ಇಲ್ಲದಿದ್ದರೆ ಎರಡು ವೈರಸ್ಸುಗಳ ನಡುವೆ ತೀರ್ಮಾನವೂ ಅರ್ಧವೇ. ವಾದಿಸಲು ನನ್ನಲ್ಲಿ ಶಾಸ್ತ್ರ ಬೇಕಷ್ಟಿತ್ತು. ಆದರೆ ಆ ಮನೆಯಿಂದ ನಾನು ಕೇಳದೆಯೇ ತೆಗೆದುಕೊಂಡದ್ದು ಆಗಲೇ ಸಾಕಷ್ಟಾಗಿತ್ತು. “ಮುಟ್ಟುವುದಿಲ್ಲ ಅಕ್ಕ” ಎಂದೆ. ಕಾಂಪೌಂಡರು ನನ್ನ ಮುಖ ನೋಡಿ, ಚೀಲದಿಂದ ಹೊರಗಿಟ್ಟಿದ್ದ ಗರಗಸವನ್ನು ಒಳಗೆ ಹಾಕಿದರು.

ಕೆಲಸ ಶುರುಮಾಡಿದೆವು. ಭುಜದ ಗಂಟು, ತೊಡೆಯ ಸಂದಿನ ಗಂಟು, ಕರುಳಿನ ಪರದೆಯ ಗಂಟುಗಳನ್ನು ಬೇರೆ ಬೇರೆ ಶೀಶೆಗೆ ಹಾಕಿದೆವು. ಗುಲ್ಮ ಎರಡರಷ್ಟು ಊದಿತ್ತು. ಹೃದಯದೊಳಗಿನ ರಕ್ತವನ್ನೂ ನಳಿಗೆಗೆ ತೆಗೆದೆವು; ಅದರ ಗೋಡೆಯಲ್ಲಿ ತಿಳಿಹಳದಿ ಗಡ್ಡೆ ಇತ್ತು. ಸೊಂಟದ ಮೂಳೆಗಳ ನಡುವೆ ಬೆನ್ನುಹುರಿಯನ್ನು ಒತ್ತಿಕೊಂಡು ಅಂಥದ್ದೇ ಇನ್ನೊಂದು. ಪ್ರತಿ ಅಂಗದಿಂದ ಎರಡು ತುಂಡು, ಒಂದು ಸೂಕ್ಷ್ಮದರ್ಶಕಕ್ಕೆ ಫಾರ್ಮಾಲಿನ್‌ನಲ್ಲಿ, ಇನ್ನೊಂದು ತಣ್ಣಗೆ. ಪ್ರತಿಯೊಂದನ್ನು ಇಡುವಾಗಲೂ ಕಾಂಪೌಂಡರಿಗೆ ಅದು ಏನು, ಅದರಲ್ಲಿ ಯಾವ ಕಣ ಬೇಕು ಎಂದು ಹೇಳುತ್ತ ಹೋದೆ. ಅವರು ಐಸನ್ನು ಬೈಹುಲ್ಲಿನಲ್ಲಿ ಸುತ್ತಿ, ಶೀಶೆಗೂ ಐಸಿಗೂ ನಡುವೆ ಒಂದು ಬೆರಳು ಜಾಗ ಬಿಟ್ಟು ಜೋಡಿಸಿದರು. ಕಡಸಿನ ರಕ್ತವನ್ನೂ ತೆಗೆದುಕೊಂಡೆ. ಅದಕ್ಕೆ ಅಕ್ಕ ಒಪ್ಪಿದರು.

ಇಷ್ಟು ಹೊತ್ತೂ ಆಕೆ ತೆಂಗಿನ ಮರಕ್ಕೆ ಒರಗಿ ನೋಡುತ್ತಲೇ ಇದ್ದರು. ನಾನು ಫಾರಮು ತುಂಬಿಸುತ್ತಿದ್ದಾಗ ಹತ್ತಿರ ಬಂದು ಬಗ್ಗಿದರು. ಅಂಗಗಳ ಹೆಸರಿನ ಮುಂದೆಲ್ಲ ಗುರುತು ಹಾಕಿ, ಕೊನೆಯ ಒಂದನ್ನು ಖಾಲಿ ಬಿಟ್ಟಿದ್ದೆ.

“ಇಲ್ಲಿ ಎಂತ?”

“ಮೆದುಳು. ತೆಗೆಯಲಿಲ್ಲ ಅಂತ ಬರೀತೇನೆ.”

ಆಕೆ ಆ ಖಾಲಿ ಜಾಗವನ್ನೇ ನೋಡಿದರು. ಆಮೇಲೆ ಬೊಳ್ಳಿಯ ತಲೆಯ ಬಳಿ ಕೂತು, ಸೆರಗಿನ ತುದಿಯಿಂದ ಅದರ ಹಣೆಯ ಕುಂಕುಮವನ್ನು ನಿಧಾನವಾಗಿ ಒರೆಸಿದರು.

“ತಲೆಯೂ ನೋಡಿ ಡಾಕ್ಟ್ರೇ.”

“ಬೇಡ ಅಕ್ಕ, ನಾನು ಮಾತು ಕೊಟ್ಟಿದ್ದೇನೆ.”

“ಅರ್ಧ ನೋಡಿದ್ರೆ ಉಳಿದ ಅರ್ಧವನ್ನು ಸೊಸೈಟಿಯವರು ಹೇಳ್ತಾರೆ. ನೋಡಿ.” ಎದ್ದು, ಕಡಸನ್ನು ಹಗ್ಗ ಹಿಡಿದು ಮನೆಯ ಆಚೆ ಬದಿಗೆ ಕರೆದುಕೊಂಡು ಹೋದರು. ಅದರ ಕಣ್ಣಿಗೆ ಬೀಳಬಾರದೆಂದು.

ಗರಗಸ ಹಿಡಿದು, ಒಮ್ಮೆ ಕೆಳಗಿಟ್ಟು, ಮತ್ತೆ ಹಿಡಿದೆ. ಎಷ್ಟೋ ತಲೆ ತೆರೆದವನು ನಾನು. ಮುಗಿದ ಮೇಲೆ ಕಾಂಪೌಂಡರು ತಲೆಯನ್ನು ಜೋಡಿಸಿ, ಹೊಲಿದು, ತೊಳೆದು, ಕುಂಕುಮ ಇದ್ದ ಜಾಗಕ್ಕೆ ಮತ್ತೆ ಕುಂಕುಮ ಇಟ್ಟರು. ಅದನ್ನು ನಾನು ಹೇಳಿರಲಿಲ್ಲ.

ಎರಡು ತಿಂಗಳಿಗೆ ವರದಿ ಬಂತು. ಬಿಳಿಕಣಗಳು ಈ ಸಲ ಒಡೆದಿರಲಿಲ್ಲ. ಬೊಳ್ಳಿಯ ರಕ್ತದಲ್ಲಿ ಲ್ಯುಕೋಸಿಸ್ಸಿನ ವೈರಸ್ಸು ಇತ್ತು. ಗಂಟು, ಗುಲ್ಮ, ಹೃದಯ, ಬೆನ್ನುಹುರಿಯ ಗಡ್ಡೆ ಎಲ್ಲವೂ ಅದೇ ಕಥೆ ಹೇಳಿದ್ದವು. ಆ ಹೊಸ ವೈರಸ್ಸಿಗೆ ನೇರ ಪರೀಕ್ಷೆ ಅವರಲ್ಲಿ ಇರಲಿಲ್ಲ. ಆದರೆ ಅದು ಇದ್ದಿದ್ದರೆ ಮೆದುಳಿನ ರಕ್ತನಾಳಗಳ ಸುತ್ತ ಬಿಳಿಕಣಗಳು ಮುತ್ತಿರಬೇಕಿತ್ತು, ಅಂಥದ್ದು ಒಂದೂ ಇಲ್ಲ ಎಂದು ಬರೆದಿದ್ದರು. ಎರಡರ ನಡುವೆ ನಿರ್ಧರಿಸಿ ಹೇಳಿದ್ದು ಆ ಒಂದು ಸಾಲು. ಕಡಸಿನ ರಕ್ತ ಶುದ್ಧವಾಗಿತ್ತು.

ವರದಿಯನ್ನು ಕನ್ನಡದಲ್ಲಿ ಬರೆದು ಸೊಸೈಟಿಯ ಗೋಡೆಗೆ ಅಂಟಿಸಿದೆ. ಬೆಳಿಗ್ಗೆ ಸಾಲಿನಲ್ಲಿ ಓದಿಯೂ ಹೇಳಿದೆ. ಅಕ್ಕ ಹಿಂದೆ ನಿಂತು ಕೇಳಿ, ಹೊರಗೆ ಬಂದ ಮೇಲೆ ನನ್ನನ್ನು ನಿಲ್ಲಿಸಿದರು.

“ಆ ಮಾತನ್ನು ಒಂದು ಸಲ ಹೇಳಿದ್ರಿ, ಊರಿಡೀ ಹೋಯ್ತು. ಇದನ್ನು ಎಷ್ಟು ಸಲ ಹೇಳ್ತೀರಿ?”

ತಿಂಗಳಿಡೀ ವಾರಕ್ಕೆರಡು ಬೆಳಿಗ್ಗೆ ಹೋಗಿ ಹೇಳಿದೆ. ಕೇಳಿದವರಿಗೂ ಕೇಳದವರಿಗೂ ಹೇಳಿದೆ. ಆಮೇಲೆ ಕಡಸು ಹೆಣ್ಣು ಕರು ಹಾಕಿತು. ಗಿಣ್ಣುಹಾಲು ಕಳೆದು ಮೊದಲ ಹಾಲು ತಂದ ದಿನ ಅಕ್ಕನ ಮುಂದೆ ನಿಂತವರು ಒಂದು ಹೆಜ್ಜೆ ದೂರ ಸರಿದರು. ಕಾರ್ಯದರ್ಶಿ ಮಾಪಕ ಮುಳುಗಿಸಿ ನೋಡಿ, ಯಾರ ಮುಖವನ್ನೂ ನೋಡದೆ ದೊಡ್ಡ ಕ್ಯಾನಿಗೆ ಹೊಯ್ದರು.

ಮುಂದಿನ ವರ್ಷ ಕಾಲುಬಾಯಿ ಜ್ವರದ ಲಸಿಕೆ ಹಾಕಲು ವಾಮಂಜೂರಿಗೆ ಹೋದೆವು. ಇಲಾಖೆಗೆ ಹೊಸದಾಗಿ ಸೇರಿದ್ದ ವೈದ್ಯರೊಬ್ಬರು ನನಗಿಂತ ಮೊದಲೇ ಹೋಗಿ ಅಕ್ಕನ ಹಟ್ಟಿಯಲ್ಲಿ ಸಿರಿಂಜು ಕುದಿಸುತ್ತಿದ್ದರು. ಅಕ್ಕ ಅವರಿಗೆ ಬೆಲ್ಲ ನೀರು ಕೊಟ್ಟು ಕೇಳಿದರು.

“ಮನೆ ಹುಡುಕ್ಲಿಕ್ಕೆ ಕಷ್ಟ ಆಯ್ತಾ ಡಾಕ್ಟ್ರೇ?”

“ಇಲ್ಲ, ಅಂಗಡಿಯಲ್ಲಿ ಕೇಳಿದ ಕೂಡಲೇ ಹೇಳಿದ್ರು. ಅದೇ ಆ...” ಎಂದವರು ತಟ್ಟನೆ ನಿಲ್ಲಿಸಿ ನನ್ನ ಕಡೆ ನೋಡಿದರು.

ನಾನು ತಲೆ ತಗ್ಗಿಸಿದೆ. ಅಕ್ಕ ಕಡಸಿನ, ಅಲ್ಲ, ಈಗ ಹಸುವಾದ ಅದರ ಕುತ್ತಿಗೆಯನ್ನು ತೋಳಿನಲ್ಲಿ ಬಳಸಿ ಗಟ್ಟಿಯಾಗಿ ಹಿಡಿದುಕೊಂಡರು.

“ಹೇಳಿ, ತೊಂದರೆ ಇಲ್ಲ. ಪೋಸ್ಟಿನವರೂ ಹಾಗೇ ಕೇಳ್ತಾರೆ, ಏಡ್ಸ್ ದನದ ಮನೆ ಅಂತ” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ನಾನು ಹಿಡ್ಕೊಂಡಿದ್ದೇನೆ ಡಾಕ್ಟ್ರೇ, ನೀವು ಸೂಜಿ ಹಾಕಿ” ಎಂದರು.

ನಾನು ಸೂಜಿ ಹಾಕಿದೆ.